ಮೇಸ್ತ್ರಿಯನ್ನು ಅಮೆರಿಕಕ್ಕೆ ಕಳಿಸ್ತಾರಾ?

"ಇವಳನ್ನು ಇಲ್ಲಿಗೆ ಕಳಿಸಿದವರು ನನ್ನನ್ನು ಅಲ್ಲಿಗೆ ಕಳಿಸ್ತಾರಾ ಕೇಳಿ" ಅಂದರು ಮೇಸ್ತ್ರಿ. ಅವರ ಮೊಣಕೈವರೆಗೆ ಸುಣ್ಣ ಮೆತ್ತಿತ್ತು. ಜಗಲಿಯಲ್ಲಿದ್ದವರೆಲ್ಲ ನಕ್ಕೆವು. ಮಾವ ಅಂತೂ ಚಹಾ ಚೆಲ್ಲುವಷ್ಟು ನಕ್ಕರು. ಅಮೆರಿಕದಿಂದ ಇಂಟರ್ನ್‌ಶಿಪ್‌ಗೆ ಬಂದ ಆ ಹುಡುಗಿ ಮಾತ್ರ ನಗಲಿಲ್ಲ. ಮೊಬೈಲ್ ತೆಗೆದು ಏನೋ ಹುಡುಕಿದಳು, ಆಮೇಲೆ "ಇವರ ವಯಸ್ಸೆಷ್ಟು?" ಅಂತ ನನ್ನನ್ನು ಕೇಳಿದಳು.

ಎಪ್ಪತ್ತು ದಾಟಿದೆ ಅಂದೆ. ಅವಳು ಅರ್ಜಿಯ ನಿಯಮ ಓದಿ ಹೇಳಿದಳು. ಡಿಗ್ರಿ ಬೇಕು, ಇಂಗ್ಲಿಷ್ ಬೇಕು, ವಯಸ್ಸಿಗೆ ಮಿತಿ ಇದೆ. ನಾನು ಅದನ್ನು ಮೇಸ್ತ್ರಿಗೆ ತುಳುವಿನಲ್ಲಿ ಹೇಳಿದೆ. "ಹಾಗಾದರೆ ಆಗಲಿಕ್ಕಿಲ್ಲ" ಅಂತ ಮತ್ತೆ ಬಕೆಟ್ಟಿಗೆ ಕೈ ಹಾಕಿದರು. ಅವರಿಗೆ ಬೇಜಾರೇನೂ ಆಗಲಿಲ್ಲ. ಬೇಜಾರು ಆದದ್ದು ನನಗೆ, ಅದೂ ರಾತ್ರಿ ಮನೆಗೆ ಬಂದ ಮೇಲೆ.

ಬ್ರಹ್ಮಾವರದ ಹತ್ತಿರ ಮಾವನ ಹಳೆ ಮನೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮಂಗಳೂರು ಹಂಚು, ಒಳಗೆ ಚಾವಡಿ. ಮಂಗಳೂರಿನ ಒಬ್ಬ ಆರ್ಕಿಟೆಕ್ಟ್ ಆಫೀಸಿನವರು ಅದರ ಅಳತೆ ತೆಗೀತಾ ಇದ್ದಾರೆ. ಹುಡುಗಿ ಆ ಆಫೀಸಿಗೆ ಹತ್ತು ವಾರದ ಇಂಟರ್ನ್‌ಶಿಪ್‌ಗೆ ಬಂದವಳು. ಬದಲಿಗೆ ಇಲ್ಲಿಯ ಒಬ್ಬಳು ಬರುವ ವರ್ಷ ಅಮೆರಿಕಕ್ಕೆ ಹೋಗ್ತಾಳಂತೆ. ಇಂಥ ವಿನಿಮಯ ಹೊಸದೇನಲ್ಲ. ಪಾರಂಪರಿಕ ಕಟ್ಟಡಗಳಿಗಾಗಿ 1965ರಲ್ಲಿ ಹುಟ್ಟಿದ ಇಕೋಮಾಸ್ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅದರ ಅಮೆರಿಕದ ಶಾಖೆ 1984ರಲ್ಲೇ ಯುವ ವಾಸ್ತುಶಿಲ್ಪಿಗಳನ್ನು ಆಚೆ ಈಚೆ ಕಳಿಸಲು ಶುರು ಮಾಡಿತು. ಪರಂಪರೆ ಉಳಿಸುವ ನಮ್ಮ ದೇಶದ ಸಂಸ್ಥೆ ಇಂಟ್ಯಾಕ್ ಹುಟ್ಟಿದ್ದೂ ಅದೇ ವರ್ಷ.

ಒಂದೇ ತೊಂದರೆ, ಇದೆಲ್ಲ ನಡೆಯುವುದು ಅವರ ಬೇಸಿಗೆ ರಜೆಯಲ್ಲಿ. ಅಂದರೆ ನಮ್ಮ ಮಳೆಗಾಲದಲ್ಲಿ, ಆಟಿ ತಿಂಗಳ ಹೊತ್ತಿಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಜುಲೈ ತಿಂಗಳು ಸುಣ್ಣದ ಗಾರೆ ಕೆಲಸ ಯಾರು ಮಾಡ್ತಾರೆ ಮಾರಾಯ್ರೇ! ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನಕ್ಕೆ ಗಟ್ಟಿಯಾಗಬೇಕು. ಗೋಡೆಯೇ ನೆನೆದು ತೊಪ್ಪೆಯಾಗಿದ್ದರೆ ಅದು ಎಲ್ಲಿಂದ ಆಗಬೇಕು? ಹಾಗಾಗಿ ಹುಡುಗಿ ಸುಣ್ಣ ನೋಡಿದ್ದು ಬಕೆಟ್ಟಿನಲ್ಲಿ ಮಾತ್ರ. ಆದರೆ ಒಂದು ಲಾಭವೂ ಆಯಿತು. ನೀರು ಎಲ್ಲಿಂದ ಇಳಿಯುತ್ತದೆ ಅಂತ ಕಣ್ಣಾರೆ ನೋಡಿದಳು. ಹಳೆ ಮನೆಯ ಕಾಯಿಲೆ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ.

ಕಾಯಿಲೆ ಏನು ಅಂದರೆ, ಮಾವ ಕೆಲವು ವರ್ಷದ ಹಿಂದೆ ಗೋಡೆಯ ಬುಡಕ್ಕೆ ಸಿಮೆಂಟ್ ಹೊಡೆಸಿದ್ದಾರೆ. ಚಂದ ಕಾಣ್ಲಿ ಅಂತ. ಮಾವ ಒಳ್ಳೆಯವರು, ಆದರೆ ಕಂಟ್ರಾಕ್ಟರ್ ಏನು ಹೇಳಿದರೂ ತಲೆ ಆಡಿಸ್ತಾರೆ, ಹೆಂಡತಿ ಹೇಳಿದರೆ ಮಾತ್ರ ಇಲ್ಲ. ಮುರಕಲ್ಲು ನೀರು ಕುಡಿಯುವ ಕಲ್ಲು. ಕುಡಿದ ನೀರು ಹೊರಗೂ ಹೋಗಬೇಕು. ಸುಣ್ಣದ ಗಾರೆ ಅದನ್ನು ಬಿಡ್ತದೆ, ಸಿಮೆಂಟ್ ಬಿಡುವುದಿಲ್ಲ. ಹುಡುಗಿ ಪೆನ್ನಿನ ಹಿಂಬದಿಯಿಂದ ತಟ್ಟಿದಳು, ಟೊಳ್ಳು ಸದ್ದು ಬಂತು. ಒಂದು ತುಂಡು ಸಿಮೆಂಟ್ ಕಿತ್ತು ಬಂತು, ಅದರ ಹಿಂದೆ ಕೆಂಪು ಪುಡಿ ಸುರ್ರಂತ ಉದುರಿತು. ಮಾವ ಸುಮ್ನೆ ನೋಡ್ತಾ ನಿಂತರು.

ಆಗಲೇ ಮೇಸ್ತ್ರಿ ಬಕೆಟ್ ತಂದದ್ದು. ಚಿಪ್ಪು ಸುಟ್ಟ ಸುಣ್ಣ, ತಿಂಗಳುಗಟ್ಟಲೆ ನೀರಿನಲ್ಲಿ ನೆನೆದದ್ದು. ಚಿಟಿಕೆ ತೆಗೆದು ಹುಡುಗಿಯ ಹೆಬ್ಬೆರಳಿಗೆ ಹಚ್ಚಿ ತಿಕ್ಕಲು ಹೇಳಿದರು. ಹರಳು ಸಿಕ್ಕಿದರೆ ಇನ್ನೂ ಆಗಿಲ್ಲ, ಬೆಣ್ಣೆ ಹಾಗೆ ಜಾರಿದರೆ ಆಯಿತು. ಬೆಲ್ಲದ ನೀರು ಯಾವಾಗ ಹಾಕಬೇಕು, ಮರಳು ಎಲ್ಲಿಯದು ಬೇಡ (ಸಮುದ್ರದ್ದು, ಉಪ್ಪು ಇರ್ತದೆ), ಎಲ್ಲ ಹೇಳಿದರು. ಅವಳು ಬರೆದುಕೊಂಡಳು. ಮೇಸ್ತ್ರಿ ಆ ಪುಸ್ತಕ ನೋಡಿಯೇ ಆ ಪ್ರಶ್ನೆ ಕೇಳಿದ್ದು.

ಮೊದಲು ತಮಾಷೆ ಅನಿಸಿದ್ದು ಈಗ ನ್ಯಾಯವಾದ ಪ್ರಶ್ನೆ ಅನಿಸ್ತಾ ಇದೆ. ಕಲಿಯುವವರಿಗೆ ವೀಸಾ ಇದೆ, ಸ್ಟೈಪೆಂಡ್ ಇದೆ, ಸರ್ಟಿಫಿಕೇಟ್ ಇದೆ. ಕಲಿಸಿದವರಿಗೆ ಒಂದು ಲೋಟ ಚಹಾ. ಇದರಲ್ಲಿ ಹುಡುಗಿಯ ತಪ್ಪೇನೂ ಇಲ್ಲ, ನಕ್ಕ ನಮಗಿಂತ ಅವಳೇ ವಾಸಿ. ಹಿಂದೆ ಹೀಗಿರಲಿಲ್ಲ, ನಮ್ಮ ಮಂಗಳೂರು ಹಂಚೇ ನೋಡಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ. ಆತ ಕೆಲಸ ಗೊತ್ತಿದ್ದ ಮನುಷ್ಯ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡಿಗೆಲ್ಲ ಚಿತ್ರ ಬರೆದ ಇಟಲಿಯ ಮೊಸ್ಕೇನಿಯೂ ಕುಂಚ ಹಿಡಿದೇ ಬಂದವನು. ಆಗ ಊರು ದಾಟಿ ಬಂದದ್ದು ಕೈಕೆಲಸ. ಈಗ ದಾಟುವುದು ಜಾಸ್ತಿ ಡ್ರಾಯಿಂಗ್.

ಡ್ರಾಯಿಂಗ್ ಬೇಡ ಅಂತ ಅಲ್ಲ. ಅಮೆರಿಕದಲ್ಲಿ 1933ರಲ್ಲಿ, ಕೆಲಸ ಕಳೆದುಕೊಂಡ ಆರ್ಕಿಟೆಕ್ಟ್‌ಗಳಿಗೆ ಕೂಲಿ ಕೊಟ್ಟು ಹಳೆ ಕಟ್ಟಡಗಳ ಅಳತೆ ತೆಗೆಸಿದರು. ಅವತ್ತು ಶುರುವಾದದ್ದು ಇವತ್ತಿಗೂ ನಡೀತಾ ಇದೆ. ಹಾಳೆಗಳೆಲ್ಲ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಮ್ಮಲ್ಲಿ ಹಳೆ ಜಮೀನ್ದಾರರ ಎಷ್ಟೋ ಗುತ್ತಿನ ಮನೆಗಳು ಬಿದ್ದವು, ಉಳಿದದ್ದು ಮದುವೆ ಫೋಟೋದ ಹಿಂದೆ ಕಾಣುವ ಅರ್ಧ ಕಂಬ. ಆದರೆ ಡ್ರಾಯಿಂಗ್ ನೋಡಿ ಯಾರೂ ಸುಣ್ಣ ಅರೆಯಲಿಕ್ಕೆ ಕಲಿಯುವುದಿಲ್ಲ. ಜಪಾನಿನವರು ಇದನ್ನು ಬೇಗ ತಿಳಿದುಕೊಂಡರು. 1975ರಲ್ಲಿ ಕಾನೂನು ತಿದ್ದಿ, ಹಳೆ ಕಟ್ಟಡ ಉಳಿಸಲು ಬೇಕಾದ ಕೆಲಸಗಳನ್ನೂ ಅದು ಬಲ್ಲವರನ್ನೂ ಸರಕಾರವೇ ಗುರುತಿಸುವ ಹಾಗೆ ಮಾಡಿದರು. ಅಲ್ಲಿ ಪಟ್ಟಿಗೆ ಸೇರಲು ಕೈಯಲ್ಲಿ ಕೆಲಸ ಇರಬೇಕು. ಇಲ್ಲಿ ಹುಡುಗರನ್ನು ಕಳಿಸುವವರು ಅರ್ಜಿಯಲ್ಲಿ ಒಂದು ಸಾಲು ಸೇರಿಸಿದರೆ ಏನು ಹೋಗ್ತದೆ? ಮೇಸ್ತ್ರಿ ಅಮೆರಿಕಕ್ಕೆ ಹೋಗುವುದೇ ಬೇಡ, ಹತ್ತು ವಾರ ಇಲ್ಲೇ ಕಲಿಸಲಿ, ಸ್ಟೈಪೆಂಡ್ ಇಬ್ಬರಿಗೂ ಕೊಡಲಿ.

ಇದನ್ನು ಆಫೀಸಿನವರಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಒಳ್ಳೆಯ ಐಡಿಯಾ ಅಂದರು. ಒಳ್ಳೆಯ ಐಡಿಯಾ ಅಂದರೆ ಆಗುವುದಿಲ್ಲ ಅಂತಲೇ ಲೆಕ್ಕ. ಹುಡುಗಿ ಮಾತ್ರ ಒಂದು ಕೆಲಸ ಮಾಡಿದ್ದಾಳೆ. ಡ್ರಾಯಿಂಗಿನ ಮೂಲೆಯಲ್ಲಿ ಅಳತೆ ತೆಗೆದವರ ಹೆಸರು ಬರೆಯುವ ಜಾಗ ಇರ್ತದಲ್ವಾ, ಅಲ್ಲಿ ತನ್ನ ಹೆಸರಿನ ಕೆಳಗೆ ಮೇಸ್ತ್ರಿಯ ಹೆಸರನ್ನೂ ಹಾಕಿದ್ದಾಳೆ. ನಿನ್ನೆ ಸಂಜೆ ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು.

"ಹೆಸರು ಹಾಕಿದ್ದು ಅವನಿಗೆ ಹೇಳ್ಬೇಡ, ನಾಳೆಯಿಂದ ಕೂಲಿ ಜಾಸ್ತಿ ಕೇಳ್ತಾನೆ" ಅಂದರು.