ಐನೂರು ಡಾಲರಿಗೆ ಒಳ್ಳೆ ಬೇಟೆ ರೈಫಲ್ ಸಿಗುತ್ತಾ?

ನವೆಂಬರ್ ಬಂತೆಂದರೆ ಅಮೆರಿಕದಲ್ಲಿ ನಾನಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ಲರ ಬಾಯಲ್ಲೂ ಜಿಂಕೆ ಬೇಟೆಯದೇ ಮಾತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ನಡೆಯುವ ಬಂದೂಕಿನ ಬೇಟೆಗೆ ಐದು ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ತೆಗೆಯುತ್ತಾರೆ. ಆಫೀಸು ಅರ್ಧ ಖಾಲಿ. ಪೆಟ್ರೋಲ್ ಬಂಕಿನಲ್ಲಿ, ಹೋಟೆಲಿನಲ್ಲಿ ಎಲ್ಲಿ ನೋಡಿದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್. ಸೊಂಟದಿಂದ ಮೇಲಿನ ಬಟ್ಟೆಯಲ್ಲಿ ಅರ್ಧದಷ್ಟಾದರೂ ಆ ಬಣ್ಣ, ಇಲ್ಲವೇ ಅಷ್ಟೇ ಕಣ್ಣು ಕುಕ್ಕುವ ಗುಲಾಬಿ ಬಣ್ಣ ಇರಲೇಬೇಕು ಅಂತ ಇಲ್ಲಿ ಕಾನೂನೇ ಇದೆ.

ಊರಿನ ಗೆಳೆಯರು ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ: "ಬಂದೂಕು ತಗೊಂಡ್ಯಂತೆ, ಲಕ್ಷಗಟ್ಟಲೆ ಆಯ್ತಾ? ಯಾವುದು ತಗೊಂಡೆ?" ಅವರಿಗೆಲ್ಲ ಒಟ್ಟಿಗೇ ಉತ್ತರ ಬರೆಯೋಣ ಅಂತ ಕೂತಿದ್ದೇನೆ.

ನಾನು ಮಲೆನಾಡಿನವನು. ನಮ್ಮ ಕಡೆ ಕೋವಿ ಅಂದರೆ ತೋಟ ಕಾಯುವ ಸಾಮಾನು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್, ಚುನಾವಣೆ ಬಂದರೆ ಪೊಲೀಸ್ ಠಾಣೆಯಲ್ಲಿ ಠೇವಣಿ, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರುವುದು. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಸಿದ್ಧ ತೋಟಾ (ಕಾರ್ಟ್ರಿಜ್) ಹಾಕುವ ತೋಟಾ ಕೋವಿ ಎರಡನ್ನೂ ಚಿಕ್ಕಂದಿನಿಂದ ನೋಡಿದವನೇ. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅಂದರೆ ಅಪರಾಧ, ಅದು ಹಾಗೇ ಇರಬೇಕು ಅನ್ನುವವನು ನಾನು. ನಮ್ಮ ಕಾಡಿನಲ್ಲಿ ಉಳಿದಿರುವುದೇ ಅಷ್ಟು. ಇಲ್ಲಿಯ ಲೆಕ್ಕ ಬೇರೆ. ಬಿಳಿಬಾಲದ ಜಿಂಕೆಗಳು ಎಷ್ಟಿವೆ ಅಂದರೆ ರಸ್ತೆಯಲ್ಲಿ ಕಾರಿಗೆ ಅಡ್ಡ ಬರುವುದು ದಿನನಿತ್ಯದ ಸುದ್ದಿ. ಅವುಗಳ ಸಂಖ್ಯೆ ಹತೋಟಿಯಲ್ಲಿಡಲು ಸರ್ಕಾರವೇ ಬೇಟೆಯನ್ನು ನೆಚ್ಚಿಕೊಂಡಿದೆ. 1937ರ ಒಂದು ಕಾನೂನಿನ ಪ್ರಕಾರ ಪ್ರತಿ ರೈಫಲ್ಲಿನ ಮೇಲೆ, ಪ್ರತಿ ತೋಟಾದ ಮೇಲೆ 11 ಪರ್ಸೆಂಟ್ ತೆರಿಗೆ ಇದೆ. ಆ ದುಡ್ಡು ಕಾಡು ಮತ್ತು ಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ. ಇದು ಗೊತ್ತಾದ ಮೇಲೇ ನನಗೆ ಇದರಲ್ಲಿ ಮನಸ್ಸು ಬಂದಿದ್ದು.

ನಾನು ತಗೊಂಡದ್ದು ಬೋಲ್ಟ್ ಆಕ್ಷನ್ ರೈಫಲ್. ಮೊದಲು ಹಾಗಂದರೆ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಪೊಲೀಸರ ಹೆಗಲಲ್ಲಿ ವರ್ಷಾನುಗಟ್ಟಲೆ ತ್ರೀ ನಾಟ್ ತ್ರೀ ನೋಡಿದ್ದೀರಲ್ಲ, ಅದೇ ಜಾತಿ. ಬಲಗಡೆ ಒಂದು ಹಿಡಿಕೆ. ಅದನ್ನು ಮೇಲಕ್ಕೆತ್ತಿ ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ಒತ್ತಿದರೆ ಹೊಸ ತೋಟಾ ನಳಿಗೆಯೊಳಗೆ ಕೂರುತ್ತದೆ. 1898ರ ಜರ್ಮನಿಯ ಮೌಸರ್ ರೈಫಲ್ಲಿನಿಂದ ಇವತ್ತಿನವರೆಗೆ ಮೂಲ ತತ್ವ ಹೆಚ್ಚೇನೂ ಬದಲಾಗಿಲ್ಲ. ಪ್ರತಿ ಈಡಿಗೂ ಕೈಯಿಂದಲೇ ಎಳೆಯಬೇಕಾದ್ದರಿಂದ ಬೇಟೆಗಾರ ಎರಡನೆಯ ಈಡಿನ ಮೇಲೆ ಭರವಸೆ ಇಡುವುದಿಲ್ಲ, ಮೊದಲನೆಯದನ್ನೇ ಸರಿಯಾಗಿ ಹೊಡೆಯುವುದನ್ನು ಕಲಿಯುತ್ತಾನೆ.

ಈಗ ಬೆಲೆ. ಹಿಂದೆ ಒಳ್ಳೆ ಬೇಟೆ ರೈಫಲ್ ಅಂದರೆ 1936ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 70, ಇಲ್ಲವೇ 1962ರ ರೆಮಿಂಗ್ಟನ್ 700 ಅನ್ನುತ್ತಿದ್ದರು. ನಳಿಗೆಯ ಕೆಳಗಿನಿಂದ ಹೆಗಲಿನವರೆಗೆ ಬರುವ ವಾಲ್ನಟ್ ಮರದ ಹಿಡಿ, ನೀಲಿ ಬಣ್ಣದ ಹೊಳೆಯುವ ಉಕ್ಕು. ಈಗ ಐನೂರು ಡಾಲರಿನ ಆಸುಪಾಸಿನಲ್ಲಿ ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್, ವಿಂಚೆಸ್ಟರ್ ಎಕ್ಸ್‌ಪಿಆರ್ ಹೀಗೆ ಸಾಲಾಗಿ ನಿಂತಿವೆ. ನೋಡಲು ಅಂಥಾ ಚೆಂದ ಇಲ್ಲ. ಕಪ್ಪು ಪ್ಲಾಸ್ಟಿಕ್ ಹಿಡಿ, ಮಂಕು ಬಣ್ಣ. ಆದರೆ ಗುರಿ? ನೂರು ಗಜದಲ್ಲಿ ಮೂರು ಈಡನ್ನು ಒಂದೂವರೆ ಇಂಚಿನೊಳಗೆ ಕೂರಿಸುವುದು ಇವಕ್ಕೆ ಕಷ್ಟವಲ್ಲ. ಎಷ್ಟೋ ರೈಫಲ್‌ಗಳು ಒಂದೇ ಇಂಚಿಗೆ ಬರುತ್ತವೆ. ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು ಎಂಟು ಇಂಚು ಅಗಲ. ಲೆಕ್ಕ ನೀವೇ ಹಾಕಿ.

ಅಗ್ಗ ಹೇಗಾಯಿತು ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ರೈಫಲ್ ತಯಾರಿಕೆಯಲ್ಲಿ ನಾಜೂಕಿನ ಕೆಲಸ ಅಂದರೆ ನಳಿಗೆಯನ್ನು ಬೋಲ್ಟಿಗೆ ಹೊಂದಿಸುವುದು. ತೋಟಾ ಕೂತಾಗ ಹಿಂದೆ ಎಷ್ಟು ಸಂದು ಇರಬೇಕು ಅನ್ನುವುದಕ್ಕೆ ಕೂದಲೆಳೆಯಷ್ಟು ಲೆಕ್ಕ ಇದೆ. ಮೊದಲು ಅನುಭವಸ್ಥ ಕೆಲಸಗಾರ ಒಂದೊಂದನ್ನೇ ಅರೆದು ಹೊಂದಿಸಬೇಕಿತ್ತು. ಸ್ಯಾವೇಜ್ ಕಂಪನಿ 1958ರಲ್ಲಿ ತಂದ ಮಾಡೆಲ್ 110ರಲ್ಲಿ ನಳಿಗೆಯ ಬುಡಕ್ಕೆ ಒಂದು ದೊಡ್ಡ ನಟ್ ಹಾಕಿದರು. ಅಳತೆಯ ಗೇಜ್ ಇಟ್ಟು ನಳಿಗೆ ತಿರುಗಿಸಿ, ಸರಿಯಾದ ಜಾಗದಲ್ಲಿ ನಟ್ ಬಿಗಿದರೆ ಕೆಲಸ ಮುಗಿಯಿತು. ಕೂಲಿ ಉಳಿಯಿತು, ಅಳತೆ ಕೆಡಲಿಲ್ಲ. ಇವತ್ತಿನ ಅಗ್ಗದ ರೈಫಲ್‌ಗಳಲ್ಲಿ ತುಂಬಾ ಕಡೆ ಈ ನಟ್ಟೇ ಇದೆ. ಇನ್ನು ಟ್ರಿಗರ್. 2000ದ ದಶಕದ ಶುರುವಿನಲ್ಲಿ ಅದೇ ಕಂಪನಿ ಗ್ರಾಹಕನೇ ಹಗುರ ಮಾಡಿಕೊಳ್ಳಬಹುದಾದ ಅಕ್ಯುಟ್ರಿಗರ್ ತಂದಿತು. ಮಿಕ್ಕವರೂ ಹಿಂದೆ ಬಿದ್ದರು. ಹಾಗಾಗಿ ಕಡಿಮೆ ಬೆಲೆಯ ರೈಫಲ್ಲಿನಲ್ಲೂ ಈಗ ಒಳ್ಳೆ ಟ್ರಿಗರ್ ಸಿಗುತ್ತದೆ.

ಇನ್ನೂ ಮುನ್ನೂರು ಡಾಲರ್ ಸೇರಿಸಿದರೆ ಫಿನ್ಲೆಂಡಿನ ಟಿಕ್ಕಾ ಬರುತ್ತದೆ. ಅದರ ಬೋಲ್ಟ್ ಎಳೆದವರು ಮರೆಯುವುದಿಲ್ಲ, ಅಷ್ಟು ನುಣುಪು. ದುಡ್ಡಿದ್ದರೆ ತೆಗೆದುಕೊಳ್ಳಿ. ಆದರೆ ಹೊಸಬರಿಗೆ ಆ ಮುನ್ನೂರು ಡಾಲರನ್ನು ರೈಫಲ್ಲಿನ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನಿಗೂ ತೋಟಾಕ್ಕೂ ಹಾಕುವುದೇ ಜಾಣತನ ಅಂತ ನನ್ನ ಗಟ್ಟಿ ಅಭಿಪ್ರಾಯ.

ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮವರು ಅಷ್ಟಾಗಿ ಗಮನ ಕೊಡದೇ ಇರುವುದು, ಅಳತೆ. ಟ್ರಿಗರಿನಿಂದ ಹೆಗಲಿಗೆ ಒತ್ತುವ ತುದಿಯವರೆಗಿನ ಉದ್ದ ಇದೆಯಲ್ಲ, ಅದು ಮಾಮೂಲಿ ರೈಫಲ್ಲಿನಲ್ಲಿ ಹದಿಮೂರೂವರೆ ಇಂಚಿನ ಸುತ್ತಮುತ್ತ. ಇಲ್ಲಿಯ ಆರಡಿ ಆಳುಗಳಿಗೆ ಸರಿ. ಐದೂವರೆ ಅಡಿಯ ನನಗೆ ಅದು ಉದ್ದವೇ. ಅಂಗಡಿಯಾತ ಮೊದಲು ಬೋಲ್ಟ್ ತೆಗೆದು, ಒಳಗೆ ತೋಟಾ ಇಲ್ಲ ಅಂತ ತೋರಿಸಿ ಕೈಗೆ ಕೊಟ್ಟರು. ನಾನೂ ಒಮ್ಮೆ ಬೆರಳು ಹಾಕಿ ನೋಡಿಕೊಂಡೆ. ಇದು ಇಲ್ಲಿಯ ಪದ್ಧತಿ, ಎಷ್ಟು ಪರಿಚಯದವರಾದರೂ ತಪ್ಪಿಸುವಂತಿಲ್ಲ. ಆಮೇಲೆ ಅವರು ಹೇಳಿಕೊಟ್ಟ ಪರೀಕ್ಷೆ ಇದು: ಕಣ್ಣು ಮುಚ್ಚಿ, ರೈಫಲ್ಲನ್ನು ಹೆಗಲಿಗೇರಿಸಿ, ಕೆನ್ನೆ ಒತ್ತಿ, ಆಮೇಲೆ ಕಣ್ಣು ಬಿಡಿ. ದುರ್ಬೀನಿನ ತುಂಬಾ ಚಿತ್ರ ಕಂಡರೆ ರೈಫಲ್ ನಿಮ್ಮದು. ಕಪ್ಪು ಅಂಚು ಕಂಡು ಕತ್ತು ಮುಂದೆ ಚಾಚಬೇಕಾದರೆ ಅದು ಬೇರೆಯವರದು.

ಅಷ್ಟೇ ಅಲ್ಲ. "ಚಳಿಗಾಲದ ಜಾಕೆಟ್ ಕಾರಲ್ಲಿದ್ದರೆ ತಗೊಂಡು ಬನ್ನಿ" ಅಂದರು. ದಪ್ಪ ಜಾಕೆಟ್ ಹಾಕಿಕೊಂಡರೆ ಹೆಗಲು ಇನ್ನೊಂದಿಷ್ಟು ಮುಂದೆ ಬಂದ ಹಾಗೆ. ಶರ್ಟಿನಲ್ಲಿ ಸರಿ ಅನ್ನಿಸಿದ ರೈಫಲ್ ಜಾಕೆಟ್ಟಿನಲ್ಲಿ ಕಂಕುಳಿಗೆ ಸಿಕ್ಕಿಕೊಂಡು ಮೇಲೇ ಬರಲಿಲ್ಲ. ಕೊನೆಗೆ ರೂಗರ್ ಅಮೆರಿಕನ್ನಿನ ಕಾಂಪ್ಯಾಕ್ಟ್ ತೆಗೆದುಕೊಂಡೆ. ಹನ್ನೆರಡೂವರೆ ಇಂಚಿನ ಹಿಡಿ, ಹದಿನೆಂಟು ಇಂಚಿನ ನಳಿಗೆ. ಹುಡುಗರಿಗೆ, ಹೆಂಗಸರಿಗೆ ಅಂತ ಮಾರುವುದುಂಟು, ಅದಕ್ಕೆ ಕೆಲವು ಗಂಡಸರು ಮುಟ್ಟುವುದಿಲ್ಲ. ದಯವಿಟ್ಟು ಆ ಸಂಕೋಚ ಬಿಡಿ. ಮೈಗೆ ಹೊಂದಿದರೆ ಮಾತ್ರ ಗುರಿ ಕೂರುತ್ತದೆ.

ತೋಟಾ ಯಾವುದು? ಇದರ ಮೇಲೆ ಇಲ್ಲಿ ಊರಿಗೊಂದು ಪಕ್ಷ. (ಮುಂದೆ ಬರುವ ಅಂಕಿಗಳೆಲ್ಲ ತೋಟಾದ ಬಗೆಗಳ ಹೆಸರು.) ಪಕ್ಕದ ಮನೆಯ ಅಜ್ಜನಿಗೆ 1906ರಿಂದ ಇರುವ .30-06 ಬಿಟ್ಟರೆ ಬೇರೆ ಜಗತ್ತಿಲ್ಲ. ಆಫೀಸಿನ ಹುಡುಗರು 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಅನ್ನುತ್ತಾರೆ. ನಾನು ಆರಿಸಿದ್ದು .243 ವಿಂಚೆಸ್ಟರ್. 1955ರದ್ದು, .308 ಅನ್ನುವ ತೋಟಾದ ಹಿತ್ತಾಳೆ ಕೊಳವೆಯನ್ನೇ ಕತ್ತು ಸಣ್ಣ ಮಾಡಿ ಮಾಡಿದ್ದು. ಹೊಡೆದಾಗ ಹೆಗಲಿಗೆ ಬೀಳುವ ಅದರ ಒದೆತ .30-06ರ ಒದೆತದ ಅರ್ಧದಷ್ಟು. ಒದೆತ ಜಾಸ್ತಿಯಾದರೆ ಮನಸ್ಸಿಗೆ ಗೊತ್ತಿಲ್ಲದೆಯೇ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುತ್ತದೆ, ಹೆಗಲು ಹಿಂಜರಿಯುತ್ತದೆ, ಗುಂಡು ಎಲ್ಲೋ ಹೋಗುತ್ತದೆ. ಗುಂಡು ತಪ್ಪಿದರೆ ಚಿಂತೆಯಿಲ್ಲ, ಆದರೆ ತಪ್ಪು ಜಾಗಕ್ಕೆ ಬಿದ್ದು ಪ್ರಾಣಿ ನರಳಿದರೆ ಅದಕ್ಕಿಂತ ದೊಡ್ಡ ಪಾಪ ಇಲ್ಲ. ನೂರು ಗ್ರೇನ್ (ಸುಮಾರು ಆರೂವರೆ ಗ್ರಾಂ) ತೂಕದ ಒಳ್ಳೆ ಗುಂಡು ಹಾಕಿದರೆ ಇಲ್ಲಿಯ ಜಿಂಕೆಗೆ .243 ಸಾಕು. ಪಶ್ಚಿಮದ ಬೆಟ್ಟಗಳಿಗೆ ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಹೋಗುವ ಆಸೆ ಇದ್ದವರು .308 ಅಥವಾ ಅದಕ್ಕಿಂತ ದೊಡ್ಡದು ನೋಡಲಿ.

ಯಾವುದೇ ಆಗಲಿ, ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ತೋಟಾ ಇರಲಿ. ಕೋವಿಡ್ ಕಾಲದಲ್ಲಿ ಅಂಗಡಿಗಳ ಶೆಲ್ಫ್ ಬರಿದಾಗಿದ್ದನ್ನು ಇಲ್ಲಿಯವರು ಇನ್ನೂ ಹೇಳುತ್ತಾರೆ. ಅಪರೂಪದ ತೋಟಾದ ರೈಫಲ್ ಇಟ್ಟುಕೊಂಡವರು ಆಗ ಸುಮ್ನೆ ಕೂರಬೇಕಾಯಿತು. ಇಪ್ಪತ್ತರ ಒಂದು ಡಬ್ಬಿಗೆ ಮೂವತ್ತು ಡಾಲರಿನ ಆಸುಪಾಸು, ಒಳ್ಳೆಯದಕ್ಕೆ ಇನ್ನೂ ಜಾಸ್ತಿ.

ದುರ್ಬೀನಿನ ಜೊತೆಗೇ ಸೇರಿಸಿ ಮಾರುವ ಸೆಟ್ ಇರುತ್ತವೆ. ಅಗ್ಗ ಅನ್ನಿಸುತ್ತದೆ. ಆದರೆ ಜಿಂಕೆ ಓಡಾಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಆ ಮಬ್ಬಿನಲ್ಲಿ ಅಗ್ಗದ ಗಾಜಿನೊಳಗೆ ಜಿಂಕೆಯೂ ಪೊದೆಯೂ ಒಂದೇ ಥರ. ಹಾಗಾಗಿ ಬರೀ ರೈಫಲ್ ತೆಗೆದುಕೊಂಡು, ಇನ್ನೂರು ಇನ್ನೂರೈವತ್ತು ಡಾಲರಿನ ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡುವ ಸಾದಾ ದುರ್ಬೀನು ಬೇರೆಯಾಗಿ ಹಾಕಿಸಿದೆ. ಇಪ್ಪತ್ತು ಪಟ್ಟಿನದು ಯಾಕೆ? ಈ ಕಾಡಿನಲ್ಲಿ ನೂರು ಗಜ ದೂರ ಕಂಡರೆ ಅದೇ ಹೆಚ್ಚು.

ಶೂಟಿಂಗ್ ರೇಂಜಿಗೆ ಎರಡು ಕಂಪನಿಯ ತೋಟಾ ಒಯ್ದಿದ್ದೆ. ಒಂದರ ಮೂರು ಈಡು ಅಂಗೈಯಗಲ ಹರಡಿದವು. ಇನ್ನೊಂದರ ಮೂರೂ ಒಂದಕ್ಕೊಂದು ತಾಗುವ ಹಾಗೆ ಬಿದ್ದವು, ಆದರೆ ಗುರಿಗಿಂತ ಎರಡು ಇಂಚು ಕೆಳಗೆ. ನೂರು ಗಜದಲ್ಲಿ ದುರ್ಬೀನಿನ ತಿರುಪು ಒಂದು ಸಲ ಟಿಕ್ ಅಂದರೆ ಕಾಲು ಇಂಚು. ಎಂಟು ಟಿಕ್ ಮೇಲಕ್ಕೆ ತಿರುಗಿಸಿ ಮತ್ತೆ ಹೊಡೆದೆ. ಸರಿಯಾಗಿ ನಡುವಿಗೇ. ರೈಫಲ್ ಅದೇ, ಕೈ ಅದೇ, ತೋಟಾ ಮಾತ್ರ ಬೇರೆ. ಪ್ರತಿಯೊಂದು ನಳಿಗೆಗೂ ತನ್ನದೇ ಇಷ್ಟಾನಿಷ್ಟ ಇರುತ್ತದೆ, ಅದನ್ನು ಹುಡುಕದೇ ರೈಫಲ್ ಸರಿಯಿಲ್ಲ ಅನ್ನಬಾರದು. ಇಂಥ ಹಗುರ ಪ್ಲಾಸ್ಟಿಕ್ ಹಿಡಿಯ ರೈಫಲ್ಲಿನಲ್ಲಿ ಇನ್ನೊಂದು ನೋಡಿಕೊಳ್ಳಿ: ಒಂದು ಹಾಳೆಯನ್ನು ನಳಿಗೆಗೂ ಹಿಡಿಗೂ ನಡುವೆ ತೂರಿಸಿ ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಹಿಡಿ ನಳಿಗೆಗೆ ತಾಗುತ್ತಿದೆ ಅಂತ ಅರ್ಥ, ಗುರಿ ಅಲೆದಾಡುತ್ತದೆ.

ಚಳಿಯ ಬಗ್ಗೆ ಒಂದೆರಡು ಮಾತು. ಬೋಲ್ಟಿಗೆ ಗ್ರೀಸ್ ಜಾಸ್ತಿ ಹಾಕಿದರೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಅದು ಗಟ್ಟಿಯಾಗುತ್ತದೆ. ತೆಳು ಎಣ್ಣೆ ಸಾಕು. ಹೊರಗಿನಿಂದ ಬಂದ ರೈಫಲ್ಲನ್ನು ಬೆಚ್ಚಗಿನ ಮನೆಯೊಳಗೆ ತಂದರೆ ಮೈಯೆಲ್ಲ ಬೆವರಿ ನೀರು ಕೂರುತ್ತದೆ, ಒರೆಸದೇ ಪೆಟ್ಟಿಗೆಗೆ ಹಾಕಿದರೆ ತುಕ್ಕು ಗ್ಯಾರಂಟಿ.

ಅಮ್ಮನಿಗೆ ಚಿಂತೆ ಇದ್ದದ್ದು ಮನೆಯಲ್ಲಿ ಮಕ್ಕಳಿದ್ದಾರಲ್ಲ ಅಂತ. ಅವರಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ: ರೈಫಲ್ ಉಕ್ಕಿನ ಬೀರುವಿನಲ್ಲಿ, ತೋಟಾ ಇನ್ನೊಂದು ಕೋಣೆಯ ಬೀಗದೊಳಗೆ, ಬೋಲ್ಟ್ ಬೇರೆ. ಹಂಟರ್ ಎಜುಕೇಷನ್ ತರಗತಿಯಲ್ಲಿ ಹೇಳಿಕೊಟ್ಟ ನಾಲ್ಕು ನಿಯಮ ಮಕ್ಕಳಿಗೂ ಬಾಯಿಪಾಠ. ಪ್ರತಿ ಬಂದೂಕಿನಲ್ಲೂ ತೋಟಾ ಇದೆ ಅಂತಲೇ ತಿಳಿ. ನಳಿಗೆ ಯಾವಾಗಲೂ ಅಪಾಯವಿಲ್ಲದ ಕಡೆಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಾತ್ರಿ ಮಾಡಿಕೊ. ಹೊಡೆಯುವ ತನಕ ಬೆರಳು ಟ್ರಿಗರ್ ಹತ್ತಿರ ಹೋಗಬಾರದು. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಈ ತರಬೇತಿ ಇಲ್ಲದೆ ಇಲ್ಲಿ ಮಾಮೂಲಿ ಬೇಟೆ ಲೈಸೆನ್ಸ್ ಸಿಗುವುದಿಲ್ಲ. ತರಗತಿಗೆ ವಸಂತದಲ್ಲೇ ಹೆಸರು ಕೊಡಿ. ಬೇಟೆ ಹತ್ತಿರ ಬಂದಾಗ ಜಾಗ ಸಿಗುವುದು ಕಷ್ಟ.

ಇನ್ನು ವೀಸಾ. ಇದನ್ನು ನಮ್ಮ ಹುಡುಗರು ಗಮನವಿಟ್ಟು ಓದಬೇಕು. ಗ್ರೀನ್ ಕಾರ್ಡ್ ಇದ್ದವರು ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಆದ ಮೇಲೆ ಕೊಳ್ಳಬಹುದು. ಎಚ್-1ಬಿಯಂಥ ವೀಸಾದಲ್ಲಿರುವವರಿಗೆ ಕೇಂದ್ರ ಕಾನೂನಿನ ಪ್ರಕಾರ ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವುದು ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಆ ಲೈಸೆನ್ಸಿನ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಸ್ನೇಹಿತ ಕೊಟ್ಟ ಅಂತ ಕೈಗೆತ್ತಿಕೊಂಡು ಫೋಟೋ ಹಾಕುವ ಮುಂಚೆ ಇದನ್ನು ನೆನಪಿಡಿ, ವೀಸಾಕ್ಕೇ ಸಂಚಕಾರ ಬರಬಹುದು. ಅನುಮಾನ ಇದ್ದರೆ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಊರಿಗೆ ಬರುವಾಗ ಒಂದು ತಗೊಂಡು ಬಾ ಅಂದಿದ್ದ ಸೋದರಮಾವನಿಗೂ ಇಲ್ಲೇ ಹೇಳಿಬಿಡುತ್ತೇನೆ: ಆಗಲ್ಲ ಮಾವ. ತೋಟಕ್ಕೆ ನಿಮ್ಮ ಜೋಡು ನಳಿಗೆಯೇ ಸರಿ. ನಾನು ಬರುವಾಗ ಅದನ್ನು ಶುಚಿ ಮಾಡುವ ಒಳ್ಳೆ ಬ್ರಶ್ ತರುತ್ತೇನೆ, ನಳಿಗೆ ಎಷ್ಟನೇ ಬೋರು ಅಂತ ಮಾತ್ರ ಮೆಸೇಜ್ ಹಾಕಿ.