ಬಾಗಿಲಿಂದ ನಾನೇ ಬರ್ತೀನಿ

ಆಡಿಷನ್‌ನಲ್ಲಿ ಆಯ್ಕೆಯಾಗಿಲ್ಲ ಅಂತ ತಿಳಿದ ಎರಡು ವಾರಕ್ಕೆ ಅದೇ ಧಾರಾವಾಹಿ ತಂಡದಿಂದ ಮತ್ತೆ ಫೋನ್ ಬಂತು. ಪಾತ್ರ ಕೊಡೋಕಲ್ಲ. ನಾನು ಕೇಳಿದ್ದ ಪಾತ್ರ ಬೇರೊಬ್ಬರಿಗೆ ಹೋಗಿತ್ತು. ಅವರಿಗೆ ವೀಲ್‌ಚೇರ್ ಬಳಸೋದು ಕಲಿಸಬೇಕಿತ್ತು.

ಬೇಜಾರಾಯಿತು. ಹನ್ನೊಂದು ವರ್ಷದಿಂದ ವೀಲ್‌ಚೇರ್‌ನಲ್ಲೇ ಓಡಾಡುತ್ತಿದ್ದೇನೆ, ನಾಟಕ ಮಾಡಿದ್ದೇನೆ. ಆದರೂ ಹೋದೆ. ಸೆಟ್ಟಿನ ಹತ್ತಿರ ಇದ್ದರೆ ಸಾಕು ಅನ್ನೋ ಆಸೆ.

ಆ ನಟರು ಒಳ್ಳೆಯವರು. ಗಮನವಿಟ್ಟು ಕಲಿತರು. ಚಕ್ರದ ರಿಂಗನ್ನು ಎಲ್ಲಿ ಹಿಡಿಯಬೇಕು, ಹಾಸಿಗೆಗೆ ದಾಟುವ ಮೊದಲು ಬ್ರೇಕ್ ಹಾಕೋದು, ಸೊಂಟದ ಕೆಳಗೆ ಹುಣ್ಣಾಗದಂತೆ ಆಗಾಗ ಕೈಯೂರಿ ಮೈ ಎತ್ತೋದು, ಎಲ್ಲಾ ತೋರಿಸಿದೆ. ಒಂದು ಮಾತ್ರ ಅವರಿಗೆ ಬರಲಿಲ್ಲ. ಕೋಪದ ಮಾತು ಬಂದಾಗಲೆಲ್ಲ ಅವರ ಕಾಲ್ಬೆರಳು ಮಡಚಿಕೊಳ್ಳುತ್ತಿತ್ತು, ತೊಡೆ ಬಿಗಿಯುತ್ತಿತ್ತು. ನನ್ನ ಕಾಲು ಹಾಗೆ ಮಾಡಲ್ಲ. ನನ್ನ ಕೋಪವೆಲ್ಲ ಭುಜಕ್ಕೆ, ಕುತ್ತಿಗೆಗೆ ಬರುತ್ತದೆ. ಅದನ್ನು ಹೇಗೆ ಕಲಿಸಲಿ?

ಮಧ್ಯಾಹ್ನ ಒಬ್ಬನೇ ಕೂತಿದ್ದಾಗ ಹೆರಾಲ್ಡ್ ರಸೆಲ್ ನೆನಪಾದರು. ಸೇನೆಯಲ್ಲಿದ್ದಾಗ ಎರಡೂ ಕೈ ಕಳೆದುಕೊಂಡವರು. 1947ರಲ್ಲಿ ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಪಡೆದರು. ಆಮೇಲೆ ಅವರ ನಿರ್ದೇಶಕರೇ ಕಾಲೇಜಿಗೆ ವಾಪಸ್ ಹೋಗು ಅಂದರಂತೆ, ಕೈಯಿಲ್ಲದವರಿಗೆ ಸಿನಿಮಾದಲ್ಲಿ ಕೆಲಸ ಸಿಗೋದು ಕಷ್ಟ ಅಂತ. ಮುಂದಿನ ಸಿನಿಮಾಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಕಿವಿ ಕೇಳದ ಮಾರ್ಲೀ ಮ್ಯಾಟ್ಲಿನ್ 1987ರಲ್ಲಿ, 21ನೇ ವಯಸ್ಸಿಗೇ ಆಸ್ಕರ್ ಗೆದ್ದರು. ಅವರ ನಂತರ ಕಿವಿ ಕೇಳದ ಇನ್ನೊಬ್ಬ ಕಲಾವಿದರಿಗೆ, ಟ್ರಾಯ್ ಕೋಟ್ಸರ್‌ಗೆ, ಅದು ಸಿಕ್ಕಿದ್ದು 2022ರಲ್ಲಿ. ಮಧ್ಯೆ 35 ವರ್ಷ! ಇಷ್ಟು ವರ್ಷ ಪ್ರತಿಭೆ ಇರಲಿಲ್ಲ ಅಂದರೆ ನಾನು ನಂಬಲ್ಲ. ಕರೆಯುವವರು ಇರಲಿಲ್ಲ, ಅಷ್ಟೇ.

ಸಂಜೆ ಒಂದು ದೃಶ್ಯಕ್ಕೆ ವಕೀಲರ ಪಾತ್ರದವರು ಬರಲಿಲ್ಲ. ನಾಲ್ಕೇ ಸಾಲು. ಸಹಾಯಕ ನಿರ್ದೇಶಕಿ ಓಡಿ ಬಂದು, "ಸರ್, ನೀವು ಮಾಡ್ತೀರಾ?" ಅಂದರು. ಕೈ ನಡುಗಿತು. ಆಗಲಿ ಅಂದೆ.

"ಮೊದಲೇ ಮೇಜಿನ ಹಿಂದೆ ಕೂರಿಸಿಬಿಡೋಣ, ಕುರ್ಚಿ ಕಾಣಲ್ಲ," ಅಂತ ಯಾರೋ ಹೇಳಿದರು.

"ಬೇಡ. ಬಾಗಿಲಿಂದ ನಾನೇ ಬರ್ತೀನಿ," ಅಂದೆ.

"ವಕೀಲ ಯಾಕೆ ವೀಲ್‌ಚೇರ್‌ನಲ್ಲಿದ್ದಾನೆ ಅಂತ ನೋಡೋರು ಕೇಳಲ್ವಾ?"

ನಿರ್ದೇಶಕರು ಸ್ವಲ್ಪ ಯೋಚಿಸಿದರು. "ಕೇಸ್ ಗೆಲ್ಲಿಸ್ತಾನಾ ಅಂತ ಕೇಳ್ತಾರೆ. ಹಲಗೆ ತನ್ನಿ."

ಇಬ್ಬರು ಹುಡುಗರು ಹೊಸ್ತಿಲಿಗೆ ಹಲಗೆ ಜೋಡಿಸಿದರು. ಐದು ನಿಮಿಷದ ಕೆಲಸ. ಕ್ಯಾಮೆರಾ ನಿಂತವರ ಮುಖದ ಎತ್ತರಕ್ಕಿತ್ತು. ಕ್ಯಾಮೆರಾಮನ್ ನನ್ನನ್ನೊಮ್ಮೆ ನೋಡಿ ಟ್ರೈಪಾಡ್‌ನ ಕಾಲು ಒಂದೊಂದಾಗಿ ಇಳಿಸಿದರು. ಲೆನ್ಸ್ ನನ್ನ ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು.

ಮೊದಲ ಟೇಕ್‌ನಲ್ಲಿ ಸಾಲು ಮರೆತೆ. ಎರಡನೆಯದರಲ್ಲಿ ಫೈಲನ್ನು ತೊಡೆ ಮೇಲಿಟ್ಟುಕೊಂಡು ಒಳಗೆ ಬಂದೆ, ಬ್ರೇಕ್ ಹಾಕಿದೆ, ಎದುರಿದ್ದವರ ಮುಖ ನೋಡಿ ಹೇಳಿದೆ: "ಸಹಿ ಹಾಕೋ ಮೊದಲು ಪೂರ್ತಿ ಓದಿ."