ಬ್ಯಾಕ್ಟೀರಿಯಾ ಇದ್ದರೆ ಗೈಗರ್ ಕೌಂಟರ್ ಏಕೆ ಬೇಕು?

ಜೈವಿಕ ಸಂವೇದಕಗಳ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಯಿದು: ವಿಕಿರಣ ಅಳೆಯುವ ಗೈಗರ್ ಕೌಂಟರ್ ಬದಲು, ವಿಕಿರಣ ತಾಗಿದರೆ ಬೆಳಗುವ ಕುಲಾಂತರಿ ಬ್ಯಾಕ್ಟೀರಿಯಾಗಳನ್ನು ಪುಟ್ಟ ಸಾಧನವೊಂದರಲ್ಲಿಟ್ಟು ಜೇಬಿಗೆ ಹಾಕಿಕೊಂಡರೆ ಸಾಲದೇ? ಸಾಲದು. ಅವು ಅಳೆಯುವುದು ವಿಕಿರಣವನ್ನಲ್ಲ, ವಿಕಿರಣ ಮಾಡಿದ ಹಾನಿಯನ್ನು.

ಇ. ಕೋಲೈ ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಬಿದ್ದು ಒಂಟಿ ಎಳೆ ಹೊರಬಿದ್ದಾಗ, ಅದರ ಮೇಲೆ ರೆಕ್‌ಎ ಎಂಬ ಪ್ರೋಟೀನು ಸಾಲುಗಟ್ಟುತ್ತದೆ. ಆ ಸಾಲಿನ ಸಂಪರ್ಕಕ್ಕೆ ಬಂದ ಲೆಕ್ಸ್‌ಎ ಪ್ರೋಟೀನು ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಅದು ಅಲ್ಲಿಯವರೆಗೆ ಅದುಮಿಟ್ಟಿದ್ದ ದುರಸ್ತಿಯ ಜೀನುಗಳು ಕೆಲಸಕ್ಕೆ ತೊಡಗುತ್ತವೆ. ಇದಕ್ಕೆ ಎಸ್‌ಒಎಸ್ ಪ್ರತಿಕ್ರಿಯೆ ಎಂದು ಹೆಸರು. ಆ ಜೀನುಗಳನ್ನು ನಿಯಂತ್ರಿಸುವ ಭಾಗಕ್ಕೆ, ಬೆಳಕು ಸೂಸುವ ಬ್ಯಾಕ್ಟೀರಿಯಾದಿಂದ ತಂದ ಲಕ್ಸ್ ಜೀನುಗಳನ್ನು ಜೋಡಿಸಿದರೆ, ಪೆಟ್ಟು ತಿಂದ ಕೋಶ ಮಿನುಗುತ್ತದೆ. ಇಂತಹ ಕೋಶಗಳನ್ನು ಲೋಳೆಯಂತಹ ಆಲ್ಜಿನೇಟ್ ಮಣಿಗಳಲ್ಲಿ ಹಿಡಿದಿಟ್ಟು, ಅಡಿಯಲ್ಲಿ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಫೋಟೊಡಯೋಡ್ ಇರಿಸಿದರೆ ಸಾಧನ ಸಿದ್ಧ. ಒಳಗೆ ಹೊರಗಿನ ಬೆಳಕು ನುಸುಳಬಾರದು, ಆದರೆ ಗಾಳಿಯಾಡಬೇಕು. ಏಕೆಂದರೆ ಈ ಬೆಳಕಿಗೆ ಆಮ್ಲಜನಕ ಅಗತ್ಯ, ಉಸಿರುಗಟ್ಟಿದ ಕೋಶಗಳ ಕತ್ತಲೆಯನ್ನು ಯಂತ್ರವು ‘ಅಪಾಯವಿಲ್ಲ’ ಎಂದೇ ಓದಿಕೊಳ್ಳುತ್ತದೆ.

ನಿಜವಾದ ತೊಡಕು ಕೋಶದೊಳಗಿನ ಡಿಎನ್‌ಎಯ ಗಾತ್ರದಲ್ಲಿದೆ. ಒಂದು ಗ್ರೇ (ದೇಹ ಹೀರಿಕೊಂಡ ವಿಕಿರಣದ ಅಳತೆ) ವಿಕಿರಣ ಮನುಷ್ಯನ ಒಂದು ಕೋಶದಲ್ಲಿ ಡಿಎನ್‌ಎಯ ಎರಡೂ ಎಳೆಗಳನ್ನು ಸುಮಾರು 30–40 ಕಡೆ ತುಂಡರಿಸುತ್ತದೆ. ಇ. ಕೋಲೈಯ ಡಿಎನ್‌ಎ ನಮ್ಮದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಚಿಕ್ಕದಾದುದರಿಂದ, ಅಷ್ಟೇ ವಿಕಿರಣದಲ್ಲಿ ನೂರು ಕೋಶಗಳ ಪೈಕಿ ಕೆಲವಕ್ಕೆ ಮಾತ್ರ ಅಂತಹ ಪೆಟ್ಟು ಬೀಳುತ್ತದೆ. ಭಾರತದಲ್ಲಿ ವಿಕಿರಣ ಕಾರ್ಮಿಕರಿಗಿರುವ ಮಿತಿಯೋ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ (ವಿಕಿರಣದಿಂದ ದೇಹಕ್ಕಾಗುವ ಹಾನಿಯನ್ನು ಲೆಕ್ಕಹಾಕುವ ಅಳತೆ), ಅಂದರೆ ಗಾಮಾ ಕಿರಣಗಳ ಲೆಕ್ಕದಲ್ಲಿ ಒಂದು ಗ್ರೇಯ ಐವತ್ತನೆಯ ಒಂದು ಪಾಲು. ಕೈಗಾದ ಸ್ಥಾವರದಲ್ಲಾಗಲಿ ಆಸ್ಪತ್ರೆಯ ಎಕ್ಸ್‌-ರೇ ಕೊಠಡಿಯಲ್ಲಾಗಲಿ ಇಂತಹ ಲೆಕ್ಕವಿಡಲು, ಧರಿಸಿದವರಿಗೆ ತಾಗಿದ ವಿಕಿರಣದ ಮೊತ್ತವನ್ನು ದಾಖಲಿಸುವ, ಉಣಿಸು ಬೇಡದ, ಸಾಯದ ಟಿಎಲ್‌ಡಿ ಬ್ಯಾಡ್ಜನ್ನೇ ನಾನು ನಂಬುತ್ತೇನೆ.

ಫುಕುಶಿಮಾ ದುರಂತ ನಡೆದ 2011ರಲ್ಲೇ ಒಸಾಕಾದ ವಿದ್ಯಾರ್ಥಿ ತಂಡವೊಂದು, ಹಾನಿಯಾದಾಗ ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನನ್ನು ತಯಾರಿಸುವ ಇ. ಕೋಲೈಯನ್ನು ರೂಪಿಸಲು ಹೊರಟಿತ್ತು. ಬರಿಗಣ್ಣಿಗೆ ಕಾಣುವ ಸೂಚನೆಯೆಂಬ ಆ ಯೋಚನೆ ನನಗೆ ತುಂಬ ಹಿಡಿಸಿತು. ಆದರೆ ಡಿಎನ್‌ಎಯ ಪೆಟ್ಟು ನೋಡಿ ಎಚ್ಚರಗೊಳ್ಳುವ ಕೋಶ ಬಿಸಿಲಿನ ನೇರಳಾತೀತ ಕಿರಣಕ್ಕೂ ಸ್ಪಂದಿಸುತ್ತದೆ, ಮೈಟೊಮೈಸಿನ್‌ನಂತಹ ರಾಸಾಯನಿಕಕ್ಕೂ ಸ್ಪಂದಿಸುತ್ತದೆ.

ವಿಕಿರಣ ಮಾಪಕದಲ್ಲಿ ದೋಷವಾಗುವ ಈ ಗುಣವೇ ನೀರಿನ ಪರೀಕ್ಷೆಯಲ್ಲಿ ಬೇಕಾದದ್ದು. ಎಸ್‌ಒಎಸ್ ಪ್ರತಿಕ್ರಿಯೆಯನ್ನೇ ಆಧರಿಸಿ, ಮಾರ್ಪಡಿಸಿದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬಳಸುವ ‘ಉಮು’ ಪರೀಕ್ಷೆಗೆ ಐಎಸ್‌ಒ ಮಾನದಂಡವೇ ಇದೆ. ಅಲ್ಲಿ ಕಲುಷಿತ ನೀರಿನಲ್ಲಿ ಯಾವ ವಿಷವಿದೆಯೆಂದು ಮೊದಲೇ ತಿಳಿದಿರಬೇಕಾಗಿಲ್ಲ.